ಸರ್ವರ್ ದೊಡ್ಡದಾದರೆ ಪಾಠದ ವಿಡಿಯೊ ಓಡುತ್ತದೆಯೇ?

ಲ್ಯಾಬಿಗೆ ಒಂದು ಸರ್ವರ್, ಅದಕ್ಕೆ ಮೂವತ್ತು ತಿನ್ ಕ್ಲೈಂಟ್. ಮಕ್ಕಳ ಮುಂದಿನ ಪೆಟ್ಟಿಗೆಗೆ ಹಾರ್ಡ್ ಡಿಸ್ಕ್ ಇಲ್ಲ, ಕೆಲಸವೆಲ್ಲ ಸರ್ವರಿನದು. ಟೈಪಿಂಗ್ ಪಾಠ ಸಲೀಸಾಗಿ ನಡೆಯುತ್ತದೆ. ಹೃದಯದ ಬಡಿತ ತೋರಿಸುವ ವಿಡಿಯೊ ಹಾಕಿದರೋ, ಮೂವತ್ತೂ ಪರದೆ ಮುಗ್ಗರಿಸುತ್ತವೆ. ಆಗ ಕೇಳಿಬರುವ ಕಾರಣಗಳಲ್ಲಿ ಬಹುಪಾಲು ತಪ್ಪು.

ನಂಬಿಕೆ: ಸರ್ವರಿಗೆ ಇನ್ನಷ್ಟು ಮೆಮೊರಿ ಹಾಕಿದರೆ ಸರಿಹೋಗುತ್ತದೆ.

ಸತ್ಯ: ತೊಡಕಿರುವುದು ಹೆಚ್ಚಾಗಿ ತಂತಿಯಲ್ಲಿ. ವಿಸಿಡಿ ಗುಣಮಟ್ಟದ ಪಾಠ ಡಿಸ್ಕಿನಲ್ಲಿದ್ದಾಗ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್ ಅಷ್ಟೇ. ಸರ್ವರ್ ಅದನ್ನು ಬಿಚ್ಚಿ, ಬಿಡಿ ಬಿಡಿ ಚಿತ್ರಗಳಾಗಿ ಕಳಿಸತೊಡಗಿದರೆ ಲೆಕ್ಕವೇ ಬೇರೆ. 320×240 ಚುಕ್ಕೆಗಳ ಪುಟ್ಟ ಕಿಟಕಿ, ಚುಕ್ಕೆಗೆ 16 ಬಿಟ್, ಸೆಕೆಂಡಿಗೆ 25 ಚಿತ್ರ: ಸುಮಾರು 31 ಮೆಗಾಬಿಟ್. 100 ಮೆಗಾಬಿಟ್ ಕಾರ್ಡು ಮೂರು ಮಕ್ಕಳಿಗೇ ಭರ್ತಿ. ಒಬ್ಬಳು ಅದನ್ನು 1024×768ಕ್ಕೆ ಹಿಗ್ಗಿಸಿದರೆ 300 ದಾಟುತ್ತದೆ. ಕುಗ್ಗಿಸಿ ಕಳಿಸುವ ವ್ಯವಸ್ಥೆಗಳೂ ಇವೆ. ಆದರೆ ಆಗ ಮೂವತ್ತು ಮಕ್ಕಳ ಚಿತ್ರ ಕುಗ್ಗಿಸುವ ಭಾರ ಸರ್ವರಿನ ಪ್ರೊಸೆಸರ್ ಮೇಲೆ ಬೀಳುತ್ತದೆ.

ಹಾಗಾಗಿ ದುಡ್ಡು ಹಾಕುವುದಿದ್ದರೆ ಮೊದಲು ಸರ್ವರಿನಿಂದ ಸ್ವಿಚ್‌ವರೆಗಿನ ಕೊಂಡಿಯನ್ನು ಗಿಗಾಬಿಟ್‌ಗೆ ಏರಿಸಬೇಕು. ಅದಕ್ಕಿಂತ ಒಳ್ಳೆಯ ದಾರಿ, ವಿಡಿಯೊ ಬಿಚ್ಚುವ ಕೆಲಸವನ್ನೇ ಮಗುವಿನ ಮುಂದಿನ ಯಂತ್ರಕ್ಕೆ ವಹಿಸುವುದು. 1999ರಲ್ಲಿ ಶುರುವಾದ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್, ಅಂದರೆ ಎಲ್‌ಟಿಎಸ್‌ಪಿ, ಮುಂದೆ ಇದಕ್ಕೆ ಅನುವು ಮಾಡಿಕೊಟ್ಟಿತು. ಆಗ ತಂತಿಯಲ್ಲಿ ಹರಿಯುವುದು ಆ 1.5 ಮೆಗಾಬಿಟ್ ಕಡತ ಮಾತ್ರ; ಮೂವತ್ತು ಮಂದಿಗೆ 45. ಯಂತ್ರಕ್ಕೆ ತನ್ನದೇ ಆದ ತಕ್ಕಮಟ್ಟಿನ ಪ್ರೊಸೆಸರ್, ಮೆಮೊರಿ ಇರಬೇಕು ಅನ್ನುವುದೊಂದೇ ಷರತ್ತು. ತೀರಾ ಹಳೆಯ ಪೆಟ್ಟಿಗೆಗಳಿಂದ ಇದು ಆಗದು.

ನಂಬಿಕೆ: ಇಂಟರ್ನೆಟ್ ನಿಧಾನ, ಅದಕ್ಕೇ ಹೀಗೆ.

ಸತ್ಯ: ಪಾಠ ಶಾಲೆಯ ಸರ್ವರಿನಲ್ಲೇ ಇದ್ದರೆ ಇಂಟರ್ನೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ನಂಬಿಕೆ: ಧ್ವನಿ ಬರುತ್ತಿಲ್ಲವೆಂದರೆ ಹೆಡ್‌ಫೋನ್ ಕೆಟ್ಟಿದೆ.

ಸತ್ಯ: ಹೆಡ್‌ಫೋನ್ ಬದಲಿಸುವ ಮುನ್ನ ಸರ್ವರ್ ಇರುವ ಕೋಣೆಗೆ ಹೋಗಿ ಕಿವಿಗೊಡಿ. ಹಳೆಯ ತಂತ್ರಾಂಶ ತಾನು ಓಡುತ್ತಿರುವ ಯಂತ್ರದ ಸೌಂಡ್ ಕಾರ್ಡನ್ನೇ ಹುಡುಕುತ್ತದೆ; ಅದು ಓಡುತ್ತಿರುವುದು ಸರ್ವರಿನಲ್ಲಿ. ಮಗುವಿಗೆ ಕೇಳಬೇಕಾದ ಮಗ್ಗಿ ಪದ್ಯ ಸ್ಟಾಫ್ ರೂಮಿನ ಸ್ಪೀಕರಿನಲ್ಲಿ ಮೊಳಗುತ್ತಿರಬಹುದು! ಪಲ್ಸ್‌ಆಡಿಯೊ ತರಹದ ಧ್ವನಿ ಸರ್ವರ್ ಅದನ್ನು ಸರಿಯಾದ ಮೇಜಿಗೆ ತಿರುಗಿಸುತ್ತದೆ.

ನಂಬಿಕೆ: ಮಗುವಿಗೊಂದು ಒಳ್ಳೆಯ ಕಂಪ್ಯೂಟರ್, ಪೂರ್ಣ ಪರದೆಯ ಅನಿಮೇಷನ್ ಇಲ್ಲದೆ ಕಲಿಕೆಯಿಲ್ಲ.

ಸತ್ಯ: ಇದಕ್ಕೆ ಉತ್ತರ ವಡೋದರದಲ್ಲಿ ಸಿಗುತ್ತದೆ. 2000ದಲ್ಲಿ ಗುಜರಾತ್ ಸರ್ಕಾರ ಅಲ್ಲಿನ ನಗರಪಾಲಿಕೆ ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. ತಿನ್ ಕ್ಲೈಂಟ್ ಅಲ್ಲ, ಬಿಡಿ ಯಂತ್ರಗಳು. 2002ರಲ್ಲಿ ಪ್ರಥಮ್ ಸಂಸ್ಥೆ ವಿಚಾರಿಸಿದಾಗ ಪ್ರಾಥಮಿಕ ತರಗತಿಯ ಮಕ್ಕಳು ಅವನ್ನು ಮುಟ್ಟಿದ್ದೇ ಅಪರೂಪ. ಆಮೇಲೆ ನಾಲ್ಕನೇ ತರಗತಿಯವರಿಗೆ ವಾರಕ್ಕೆ ಎರಡು ಗಂಟೆ, ಇಬ್ಬರಿಗೊಂದು ಯಂತ್ರದಂತೆ ಗಣಿತದ ಆಟಗಳನ್ನು ಆಡಿಸಿದರು. ಪಕ್ಕದಲ್ಲಿ ತರಬೇತಾದ ಮಾರ್ಗದರ್ಶಕರಿದ್ದರು. ಮಗು ಸರಿಯುತ್ತರ ಕೊಟ್ಟಂತೆ ಲೆಕ್ಕ ಕಠಿಣವಾಗುತ್ತಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಣಿತದ ಅಂಕ ಮೊದಲ ವರ್ಷ ಮಾನಕ ವಿಚಲನೆಯ 0.35ರಷ್ಟು, ಎರಡನೇ ವರ್ಷ 0.47ರಷ್ಟು ಏರಿತು. ಅಲ್ಲಿ ಮಕ್ಕಳು ಜಗ್ಗಾಡಿದ್ದು ಲೆಕ್ಕದ ಜೊತೆಗೆ, ಸಿನಿಮಾದಂಥ ದೃಶ್ಯಗಳ ಜೊತೆಗಲ್ಲ.

ಪರದೆಯ ಚಿಕ್ಕ ಭಾಗವಷ್ಟೇ ಕದಲುವ ಇಂಥ ಪಾಠ ತಿನ್ ಕ್ಲೈಂಟಿಗೆ ಹೇಳಿ ಮಾಡಿಸಿದ್ದು. ಪ್ರಶ್ನೆಯ ಹಿಂದೆ ಸುಮ್ಮನೆ ಮೋಡ ತೇಲಿಸುವ ಅನಿಮೇಷನ್ನೇ ಅದಕ್ಕೆ ಶತ್ರು. ವಡೋದರದ ಆ ಲಾಭವೂ ಕಾರ್ಯಕ್ರಮ ನಿಂತ ಒಂದು ವರ್ಷಕ್ಕೆ ಸುಮಾರು 0.10ಕ್ಕೆ ಇಳಿದಿತ್ತು. ಒಂದು ಸಲ ಆಡಿಸಿ ಬಿಟ್ಟರೆ ಸಾಕೆನ್ನುವವರು ಈ ಅಂಕಿಯನ್ನೂ ನೋಡಬೇಕು.