ಯಾವ ವಾರ್ಡು ನಿಮ್ದು?

ಕಳೆದ ತಿಂಗಳು ಸೋದರಮಾವನನ್ನ ವಿಕ್ಟೋರಿಯಾ ಆಸ್ಪತ್ರೆಗೆ ಸೇರಿಸಿದ್ವಿ. ಊಟದ ಡಬ್ಬಿ ಹಿಡ್ಕೊಂಡು ಆಟೋದಲ್ಲಿ ಹೋಗುವಾಗ ನಮ್ಮ ಬೀದಿಯ ಕಸದ ಬಗ್ಗೆ ಫೋನಿನಲ್ಲಿ ದೂರು ತುಂಬಿಸ್ತಾ ಇದ್ದೆ. ವಾರ್ಡ್ ನಂಬರ್ ಹಾಕದೆ ಆ ಫಾರಂ ಮುಂದಕ್ಕೆ ಹೋಗಲ್ಲ. ಇಳಿದು ಗೇಟಿನ ಹತ್ರ ಹೋದೆ, ಸೆಕ್ಯುರಿಟಿಯವರು ಕೇಳಿದ್ರು: "ಯಾವ ವಾರ್ಡು?"

"ನೂರೈವತ್ನಾಲ್ಕು," ಅಂದೆ.

ಅವರು ನನ್ನನ್ನ ಒಂದು ಸಲ, ಡಬ್ಬಿಯನ್ನ ಒಂದು ಸಲ ನೋಡಿ, "ಅಷ್ಟೊಂದು ಇಲ್ಲ ಸಾರ್ ಇಲ್ಲಿ," ಅಂದ್ರು.

154 ಅನ್ನೋದು ಬಿಬಿಎಂಪಿಯ ಹಳೇ ಪಟ್ಟಿಯಲ್ಲಿ ಬಸವನಗುಡಿಯ ನಂಬರ್. ಚಾಮರಾಜಪೇಟೆ 140, ಮಲ್ಲೇಶ್ವರ 45. ಅದೇ ವಾರ ಅಕ್ಕನ ಮಗಳ ಸ್ಕೂಲಿಂದ ಒಂದು ಸುತ್ತೋಲೆ ಬಂತು. "ನಿಮ್ಮ ವಾರ್ಡ್‌ನ ಪ್ರೋಗ್ರೆಸ್ ಕಾರ್ಡ್ ಪಡೆಯಲು ಶನಿವಾರ ಬನ್ನಿ." ಅಕ್ಕ ಅದನ್ನ ಓದಿ, "ನನ್ ಮಗಳು ಯಾವಾಗ ವಾರ್ಡ್ ಆದ್ಳೋ?" ಅಂತ ಕೇಳಿದ್ಲು. ಒಂದೇ ವಾರದಲ್ಲಿ ಒಂದೇ ಪದ ರೋಗಿಗಳ ಕೋಣೆ ಆಯ್ತು, ಏರಿಯಾ ಆಯ್ತು, ಹತ್ತು ವರ್ಷದ ಹುಡುಗಿ ಆಯ್ತು. ಇಂಜಿನಿಯರಿಂಗ್ ಓದಿದವರಿಗೆ ಒಂದು ಚಟ ಇರುತ್ತೆ, ಒಂದೇ ಹೆಸರಿನ ಮೂರು ವೇರಿಯಬಲ್ ಕಂಡ್ರೆ ನಿದ್ದೆ ಬರಲ್ಲ. ಹುಡುಕ್ತಾ ಹೋದೆ.

ಮೂಲ ಹಳೇ ಇಂಗ್ಲಿಷ್‌ನ 'ವೆಅರ್ಡ್'. ಅರ್ಥ ಕಾವಲು, ಕಾವಲುಗಾರ. ಇಂಗ್ಲಿಷರ ಊರಲ್ಲಿ ಅದು ಎಲ್ಲೆಲ್ಲಿ ಅಂಟಿಕೊಂಡಿದೆ ನೋಡಿ. 'ಸ್ಟೀವರ್ಡ್' ಅಂದ್ರೆ ಮನೆ ಕಾಯೋನು. 'ಲಾರ್ಡ್' ಅನ್ನೋ ದೊಡ್ಡ ಪದ ಮೊದಲು 'ಹ್ಲಾಫ್-ವೆಅರ್ಡ್' ಆಗಿತ್ತು, ಅಂದ್ರೆ ರೊಟ್ಟಿ ಕಾಯೋನು. ಕೋರ್ಟಿನಲ್ಲಿ 'ಮೈ ಲಾರ್ಡ್' ಅಂತ ಬಗ್ಗುವ ವಕೀಲರು ವಾಸ್ತವದಲ್ಲಿ ಉಗ್ರಾಣದವನನ್ನ ಕರೀತಿದ್ದಾರೆ. 'ಎಡ್ವರ್ಡ್' ಅಂದ್ರೆ ಸಂಪತ್ತಿನ ಕಾವಲುಗಾರ. ಆ ಹೆಸರಿನ ಏಳನೇ ರಾಜ ನಮ್ಮ ಕಬ್ಬನ್ ಪಾರ್ಕ್‌ನಲ್ಲಿ ಈಗಲೂ ಕಲ್ಲಾಗಿ ನಿಂತಿದ್ದಾನೆ. ಯಾರ ಸಂಪತ್ತನ್ನ ಯಾರಿಂದ ಕಾಯ್ತಿದ್ದ ಅನ್ನೋದು ಬೇರೆ ಲೇಖನದ ವಿಷಯ.

ಇದೇ ಪದ ಫ್ರಾನ್ಸ್ ಸುತ್ತಿಕೊಂಡು ಎರಡನೇ ಸಲ ಇಂಗ್ಲಿಷಿಗೆ ಬಂತು. ಪ್ಯಾರಿಸ್ ಕಡೆಯವರ ಬಾಯಲ್ಲಿ ಜರ್ಮಾನಿಕ್ ಪದಗಳ 'ವ' 'ಗ' ಆಯ್ತು, ಉತ್ತರದ ನಾರ್ಮನ್ನರ ಬಾಯಲ್ಲಿ 'ವ' ಹಾಗೇ ಉಳೀತು. ಹಳಗನ್ನಡದ ಪಾಲು ಹಾಲಾಯ್ತಲ್ಲ, ಹಾಗೆ. ಇಂಗ್ಲಿಷ್ ಎರಡನ್ನೂ ಇಟ್ಟುಕೊಂಡಿತು. ಅದಕ್ಕೇ 'ವಾರ್ಡ್' ಮತ್ತು 'ಗಾರ್ಡ್' ಅಣ್ಣತಮ್ಮ, 'ವಾರ್ಡನ್' ಮತ್ತು 'ಗಾರ್ಡಿಯನ್' ಅಣ್ಣತಮ್ಮ. 'ವಾರಂಟಿ' ಮತ್ತು 'ಗ್ಯಾರಂಟಿ'ಯ ಬೇರು ಬೇರೆ, ಆದ್ರೆ ಆಟ ಇದೇ. ಮಿಕ್ಸಿ ಅಂಗಡಿಯವನು ಕೊಡೋದು ಮತ್ತು ಸರ್ಕಾರ ಕೊಡೋದು ಒಂದೇ ಪದದ ಎರಡು ಉಚ್ಚಾರಣೆ. ಅವಧಿ ಎರಡರಲ್ಲೂ ಸಣ್ಣ ಅಕ್ಷರದಲ್ಲಿ ಇರುತ್ತೆ. 'ಗಾರ್ಡನ್' ಮಾತ್ರ ಈ ಮನೆತನದ್ದಲ್ಲ, ಅದರ ನೆಂಟ 'ಯಾರ್ಡ್'. ಲಾಲ್‌ಬಾಗ್ ಕಾವಲುಗಾರರಿಗೆ ಬೇಜಾರಾಗಬಹುದು. ಬಟ್ಟೆ ಕಾಯೋ ಬೀರು 'ವಾರ್ಡ್‌ರೋಬ್', ಚೆನ್ನಾಗಿ ಗಮನಿಸಿ ಕೊಡೋ ತೀರ್ಪು 'ಅವಾರ್ಡ್'. (ನವೆಂಬರ್ 1ರ ಪಟ್ಟಿ ನೋಡಿದಾಗ ಕೆಲವು ಸಲ ಈ ಗಮನಿಸೋ ಭಾಗ ಮರೆತ ಹಾಗೆ ಕಾಣುತ್ತೆ.)

'ಫಾರ್ವರ್ಡ್'ನಲ್ಲಿರೋ 'ವರ್ಡ್' ಕೂಡ ಇದೇ ಅಂದುಕೊಂಡಿದ್ದೆ. ಅಲ್ಲ. ಅದು 'ತಿರುಗು' ಅನ್ನೋ ಅರ್ಥದ ಬೇರೆ ಧಾತು, ಸಂಸ್ಕೃತದ 'ವರ್ತತೇ', 'ವೃತ್ತ'ಗಳ ಸೋದರಸಂಬಂಧಿ. ನಿಮ್ಮ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡೋದೂ ಟ್ಯಾಗೋರ್ ವೃತ್ತದ ಸಿಗ್ನಲ್ಲೂ ದೂರದ ನೆಂಟರು. ಎರಡೂ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ.

ಸರಿ, ಕಾವಲುಗಾರ ಅನ್ನೋ ಪದ ಏರಿಯಾ ಹೇಗಾಯ್ತು? 1285ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ವಿಂಚೆಸ್ಟರ್ ಶಾಸನ ಅಂತ ಒಂದು ಕಾನೂನು ತಂದ. ಪ್ರತಿ ಊರಿನವರೂ ಸರದಿ ಮೇಲೆ ತಮ್ಮ ಊರನ್ನ ತಾವೇ ಕಾಯಬೇಕು. ಆ ಕೆಲಸಕ್ಕೆ ಬಿದ್ದ ಜೋಡಿ ಹೆಸರು 'ವಾಚ್ ಅಂಡ್ ವಾರ್ಡ್', ರಾತ್ರಿ ಕಾಯೋದು ವಾಚ್, ಹಗಲು ಕಾಯೋದು ವಾರ್ಡ್. ಲಂಡನ್ ಸಿಟಿಯಲ್ಲಿ ಈಗಲೂ 25 ವಾರ್ಡ್ ಇವೆ, ಒಂದೊಂದಕ್ಕೂ ಒಬ್ಬ ಆಲ್ಡರ್‌ಮನ್. ನಿಮ್ಮ ಕಾವಲಿನ ಪಾಲಿಗೆ ಬಂದ ಬೀದಿಗಳು ನಿಮ್ಮ ವಾರ್ಡ್. ಅಂದ್ರೆ ಶುರುವಿನಲ್ಲಿ ವಾರ್ಡ್ ಅನ್ನೋದು ನಕ್ಷೆಯ ಮೇಲಿನ ಗೆರೆ ಅಲ್ಲ, ನಿವಾಸಿಗಳ ಡ್ಯೂಟಿ ಚಾರ್ಟು.

ಆ ಜೋಡಿ ಪದ ನಮ್ಮಲ್ಲಿಗೂ ಬಂತು. 1929ರ ಏಪ್ರಿಲ್ 8ರಂದು ಭಗತ್ ಸಿಂಗ್, ಬಟುಕೇಶ್ವರ ದತ್ತ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬ್ ಎಸೆದ ಮೇಲೆ, ಸಭಾಧ್ಯಕ್ಷ ವಿಠಲಭಾಯಿ ಪಟೇಲ್ ಸಭೆಗೆ ಅಂತಲೇ ಒಂದು ಕಾವಲು ಪಡೆ ಕಟ್ಟಿದ್ರು. ಅದರ ಹೆಸರು ವಾಚ್ ಅಂಡ್ ವಾರ್ಡ್. 2009ರವರೆಗೂ ಪಾರ್ಲಿಮೆಂಟಿನಲ್ಲಿ ಅದೇ ಹೆಸರಿತ್ತು.

ಕಾಯೋ ಕೆಲಸದಿಂದ ಕಾದ ಜಾಗಕ್ಕೆ ಪದ ಜಾರಿದ ಮೇಲೆ ಮಿಕ್ಕಿದ್ದು ಸಲೀಸು. ಕೋಟೆಯ ಒಳಾಂಗಣ ವಾರ್ಡ್, ಜೈಲಿನ ವಿಭಾಗ ವಾರ್ಡ್, ಅದರ ಉಸ್ತುವಾರಿ ವಾರ್ಡರ್. ಫ್ರೀಡಂ ಪಾರ್ಕ್‌ಗೆ ಪ್ರತಿಭಟನೆಗೆ ಹೋದವರು ಮಧ್ಯದ ಕಾವಲು ಗೋಪುರ ನೋಡಿರ್ತೀರಿ, ಅದು ಹಳೇ ಸೆಂಟ್ರಲ್ ಜೈಲಿನದು. ನಮ್ಮ ಸ್ವಾತಂತ್ರ್ಯ ತೋರಿಸೋಕೆ ಪೊಲೀಸರು ಹಳೇ ವಾರ್ಡರ್‌ಗಳ ಅಂಗಳವನ್ನೇ ಕೊಟ್ಟಿದ್ದಾರೆ. ಆಸ್ಪತ್ರೆಯ ಕೋಣೆಗೆ ಈ ಹೆಸರು ಬಂದಿದ್ದೂ ಇದೇ ದಾರಿಯಲ್ಲಿ. 1900ರ ಡಿಸೆಂಬರ್‌ನಲ್ಲಿ ಲಾರ್ಡ್ ಕರ್ಜನ್ ವಿಕ್ಟೋರಿಯಾ ಆಸ್ಪತ್ರೆ ಉದ್ಘಾಟಿಸಿದಾಗ, ಅದಕ್ಕೆರಡು ವರ್ಷದ ಹಿಂದೆ 1898ರಲ್ಲಿ ಬಂದ ಪ್ಲೇಗ್ ಊರಿನ ನೆನಪಿನಲ್ಲಿ ಹಸಿಯಾಗೇ ಇತ್ತು. ಪೇಟೆಯ ಇಕ್ಕಟ್ಟಿನಿಂದ ಜನರನ್ನ ಹೊರಗೆ ತರೋಕೆ ಬಸವನಗುಡಿ, ಮಲ್ಲೇಶ್ವರ ಹುಟ್ಟಿದ್ದೂ ಅದೇ ಪ್ಲೇಗಿನಿಂದ. ಹಾಗಾಗಿ ನಮ್ಮ ಎರಡು ಥರದ ವಾರ್ಡುಗಳಿಗೂ ಹತ್ತಿರತ್ತಿರ ಒಂದೇ ವಯಸ್ಸು.

ಈಗ ಸ್ವಲ್ಪ ಕನ್ನಡಕ್ಕೆ ಬನ್ನಿ, ನನಗೆ ನಿಜವಾಗ್ಲೂ ಖುಷಿ ಕೊಟ್ಟ ಭಾಗ ಇದು. ನಮ್ಮ 'ಕಾವಲು' ಕೂಡ ಇದೇ ಹಾದಿ ಹಿಡಿದಿದೆ. ಕಾವಲು ಅಂದ್ರೆ ಕಾಯೋ ಕೆಲಸ. ಆದ್ರೆ ಕಾವಲ್ ಬೈರಸಂದ್ರ, ಜಾರಕಬಂಡೆ ಕಾವಲ್ ಅಂದಾಗ ಅದು ಜಾಗ. ದನ ಮೇಯಿಸೋಕೆ ಅಂತ ಕಾಯ್ದಿಟ್ಟ ಹುಲ್ಲುಗಾವಲು. ಮೈಸೂರು ಅರಸರ ಬೆಣ್ಣೆ ಚಾವಡಿ ಟಿಪ್ಪು ಕಾಲದಲ್ಲಿ ಅಮೃತಮಹಲ್ ಆಯ್ತು, ಅದರ ದನಗಳಿಗಾಗಿ ರಾಜ್ಯದ ಉದ್ದಕ್ಕೂ ಕಾವಲುಗಳಿದ್ದವು. ಚಳ್ಳಕೆರೆಯ ಕಾವಲಿನ ಸಾವಿರಾರು ಎಕರೆ ಆಮೇಲೆ ಡಿಆರ್‌ಡಿಒ, ಇಸ್ರೋದಂಥ ಸಂಸ್ಥೆಗಳ ಪಾಲಾಯ್ತು. ಹೆಸರು ಮಾತ್ರ ಕಾವಲ್.

ಕನ್ನಡದಲ್ಲಿ ಇನ್ನೊಂದು ಇದೆ. 'ಕಾಯೋದು' ಅಂದ್ರೆ ಕಾವಲು ಇರೋದು, ಹಾಗೇ ಬಸ್ಸಿಗೆ ಕಾಯೋದು. ಇದು ನಮ್ಮ ಭಾಷೆಯ ಸೋಮಾರಿತನ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ಇಂಗ್ಲಿಷಿನ 'ವೇಟ್' ಕೂಡ ಮೊದಲು 'ಕಣ್ಣಿಟ್ಟು ಕಾಯು' ಅಂತಲೇ ಇತ್ತು, 'ವಾಚ್'ನ ಬೇರೇ ಅದರದ್ದೂ. ಕಾವಲು ನಿಂತವನಿಗೆ ದಿನದ ಬಹುಪಾಲು ಏನೂ ಆಗಲ್ಲ, ಸುಮ್ಮನೆ ನಿಂತಿರ್ತಾನೆ. ಎರಡೂ ಭಾಷೆಗಳು ಅದನ್ನ ಗಮನಿಸಿವೆ.

ಇನ್ನು ಅಕ್ಕನ ಪ್ರಶ್ನೆ. ಕಾಯೋನು, ಕಾಯೋ ಕೆಲಸ, ಕಾದ ಜಾಗ ಆದ ಮೇಲೆ ಪದ ಕಾಯಲ್ಪಟ್ಟ ವ್ಯಕ್ತಿಗೂ ಬಂತು. ಒಂದೇ ಪದ ಕಾವಲುಗಾರನಿಗೂ ಅವನ ಕೈಯಲ್ಲಿರೋ ಮಗುವಿಗೂ! ನಮ್ಮಲ್ಲಿ ಈಗಲೂ ಜಾರಿಯಲ್ಲಿರೋ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಪ್ರಕಾರ ವಾರ್ಡ್ ಅಂದ್ರೆ ಪೋಷಕರ ಸುಪರ್ದಿಯಲ್ಲಿರೋ ಅಪ್ರಾಪ್ತ ವಯಸ್ಕ. ಸುತ್ತೋಲೆಯ ಇಂಗ್ಲಿಷ್ ಅಲ್ಲಿಂದ ಬಂದಿದೆ. ಆ ಕಾಯ್ದೆ ಪೋಷಕನ ಕೈಯನ್ನೂ ಕಟ್ಟುತ್ತೆ. ಕೋರ್ಟ್ ನೇಮಿಸಿದ ಗಾರ್ಡಿಯನ್ ತನ್ನ ವಾರ್ಡಿನ ಸ್ಥಿರಾಸ್ತಿ ಮಾರಬೇಕಾದ್ರೆ ಕೋರ್ಟಿನ ಅನುಮತಿ ಬೇಕು. ಕೇಳಿದ್ರೆ ಲೆಕ್ಕ ಕೊಡಬೇಕು. ಮಗುವಿಗೆ ವಯಸ್ಸು ಬಂದ ದಿನ ಜಾಗ ಖಾಲಿ ಮಾಡಬೇಕು.

ಇಲ್ಲಿಗೆ ಬಂದಾಗ ನನಗೆ 154 ನೆನಪಾಯ್ತು.

ಬೆಂಗಳೂರಿನ ಮುನಿಸಿಪಾಲಿಟಿ ಶುರುವಾಗಿದ್ದು 1862ರಲ್ಲಿ, ಪೇಟೆಗೊಂದು, ದಂಡಿಗೊಂದು. 1949ರಲ್ಲಿ ಎರಡೂ ಸೇರಿ ಕಾರ್ಪೊರೇಷನ್ ಆದಾಗ ಇದ್ದದ್ದು 50 ಡಿವಿಷನ್. 'ನಮ್ಮ ಡಿವಿಷನ್' ಅನ್ನೋ ಹಳಬರು ಚಾಮರಾಜಪೇಟೆಯಲ್ಲಿ ಈಗಲೂ ಸಿಗ್ತಾರೆ. ಆಮೇಲೆ 87, 100, 2007ರ ಬಿಬಿಎಂಪಿ ಆದ ಮೇಲೆ 198. ಅದಾದ ನಂತರ 2022ರಲ್ಲಿ 243, 2023ರಲ್ಲಿ 225. ಆ ಎರಡೂ ಲೆಕ್ಕದ ಮೇಲೆ ಒಂದು ಚುನಾವಣೆಯೂ ಆಗಲಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಸೆಪ್ಟೆಂಬರ್‌ನಿಂದ ಐದು ಕಾರ್ಪೊರೇಷನ್, ನವೆಂಬರ್‌ನ ಅಂತಿಮ ಪಟ್ಟಿಯಲ್ಲಿ ಒಟ್ಟು 369 ವಾರ್ಡ್. ವೆಸ್ಟ್ ಒಂದರಲ್ಲೇ 112. ಬಸವನಗುಡಿ ಮತ್ತು ಮಲ್ಲೇಶ್ವರ ಕ್ಷೇತ್ರಗಳು ವೆಸ್ಟ್‌ಗೆ, ಚಾಮರಾಜಪೇಟೆ ಸೆಂಟ್ರಲ್‌ಗೆ. ಬಸವನಗುಡಿಯಿಂದ ಚಾಮರಾಜಪೇಟೆಗೆ ನಡೆದುಕೊಂಡೇ ಹೋಗ್ತೀವಿ, ಈಗ ಅದು ಊರು ಬಿಟ್ಟು ಊರು.

ನಾನು ಕಾಲೇಜಿನಲ್ಲಿ ಓದಿದ 'ವಾರ್ಡ್ಸ್ ಮೆಥಡ್' ಅಂತ ಒಂದಿದೆ, 1963ರಲ್ಲಿ ಜೋ ವಾರ್ಡ್ ಅನ್ನೋರು ಪ್ರಕಟಿಸಿದ್ದು. ಹತ್ತಿರದ ಬಿಂದುಗಳನ್ನ ಗುಂಪು ಮಾಡೋ ಗಣಿತ. ಅವರ ಅಡ್ಡಹೆಸರೂ ಕಾವಲುಗಾರನಿಂದ ಬಂದದ್ದೇ. ಅದು ಹೇಳೋದು ಇಷ್ಟೇ: ಗುಂಪಿನ ಒಳಗೆ ವ್ಯತ್ಯಾಸ ಆದಷ್ಟು ಕಡಿಮೆ ಇರಲಿ. ಪುನರ್ವಿಂಗಡಣೆ ಮಾಡೋರು ಕನಿಷ್ಠ ಮಾಡೋದಕ್ಕೆ ನೋಡೋದು ಬೇರೆ ಏನನ್ನೋ ಅಂತ ನನ್ನ ಅನುಮಾನ.

ಗೆರೆಗಳಿಗಿಂತ ದೊಡ್ಡ ವಿಷಯ ಬೇರೆ. ಕೊನೇ ಬಿಬಿಎಂಪಿ ಚುನಾವಣೆ ನಡೆದಿದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗೀತು. ಅಲ್ಲಿಂದ 2025 ಮುಗಿಯೋವರೆಗೂ ಕಾರ್ಪೊರೇಟರ್ ಇಲ್ಲ, ಆಡಳಿತಾಧಿಕಾರಿಗಳೇ ಎಲ್ಲ. 2025-26ರ 19,900 ಕೋಟಿ ದಾಟಿದ ಬಜೆಟ್ ಮೇಲೆ ಚುನಾಯಿತ ಕೌನ್ಸಿಲರ್ ಒಬ್ಬರೂ ಕೈ ಎತ್ತಲಿಲ್ಲ. 1998ರಲ್ಲಿ ಹುಟ್ಟಿದ ಬೆಂಗಳೂರಿಗ ವಿಧಾನಸಭೆಗೆ ಎರಡು ಸಲ, ಲೋಕಸಭೆಗೆ ಎರಡು ಸಲ ವೋಟ್ ಹಾಕಿದ್ದಾನೆ. ತನ್ನ ಬೀದಿಯ ಚರಂಡಿಗೆ ಒಂದು ಸಲವೂ ಹಾಕಿಲ್ಲ. 74ನೇ ತಿದ್ದುಪಡಿ 1993ರಲ್ಲೇ ಜಾರಿಗೆ ಬಂದಿದೆ. ಮೂರು ಲಕ್ಷ ಜನಸಂಖ್ಯೆ ಮುಟ್ಟಿದ ಊರಿಗೆ ವಾರ್ಡ್ ಸಮಿತಿ ಇರಬೇಕು ಅಂತ 243ಎಸ್ ಹೇಳುತ್ತೆ. ಒಂದೇ ವಾರ್ಡಿನ ಸಮಿತಿಯಾದ್ರೆ ಅಲ್ಲಿಂದ ಚುನಾಯಿತನಾದವನೇ ಅಧ್ಯಕ್ಷ. ಚುನಾಯಿತನೇ ಇಲ್ಲದಾಗ ಆ ಕುರ್ಚಿಗೆ ಅಧಿಕಾರಿ ಬಂದು ಕೂರ್ತಾರೆ.

ಐದು ವರ್ಷ ನಾವು ಯಾವ ಅರ್ಥದ ವಾರ್ಡ್ ಆಗಿದ್ವಿ ಅಂತ ಈಗ ನೀವೇ ಹೇಳಿ. ಸರದಿ ಮೇಲೆ ಊರು ಕಾಯೋರು ಅಂತೂ ಅಲ್ಲ. 1890ರ ಕಾಯ್ದೆಯ ಮಗು ಅನ್ನೋಣ ಅಂದ್ರೆ, ಆ ಮಗುವಿಗೆ ಲೆಕ್ಕ ಕೇಳೋಕೆ ಒಂದು ಕೋರ್ಟ್ ಇದೆ, ಹದಿನೆಂಟು ತುಂಬಿದ ದಿನ ಎಲ್ಲ ಅವಳದ್ದೇ ಆಗುತ್ತೆ.

ಮಾವ ಈಗ ಮನೆಗೆ ಬಂದಿದ್ದಾರೆ. ಕಸದ ದೂರಿಗೆ ಮೊನ್ನೆ ಉತ್ತರ ಬಂತು: ವಾರ್ಡ್ ನಂಬರ್ ಹೊಂದಾಣಿಕೆ ಆಗ್ತಿಲ್ಲ, ಹೊಸ ನಂಬರ್ ಹಾಕಿ ಮತ್ತೆ ಸಲ್ಲಿಸಿ. ಮಾವನಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿ, "ಕಾಯೋಣ ಬಿಡೋ," ಅಂದ್ರು. ಯಾವ ಕಾಯೋದು ಅಂತ ಕೇಳಲಿಲ್ಲ ನಾನು.