ಕೊನೆಯ ಕೋಣೆಗೂ ಒಂದು ತಂತಿ

ಊರಿಗೆ ಫೈಬರ್ ಬಂದರೂ ಇಂಟರ್ನೆಟ್ ಜಗಲಿ ದಾಟುವುದಿಲ್ಲ. ದಪ್ಪ ಗೋಡೆಗಳ ಹಿಂದಿರುವ ಕೋಣೆಗೆ ಅದನ್ನು ಮುಟ್ಟಿಸುವ ದಾರಿ ಯಾವುದು?

ಕಳೆದ ಮಳೆಗಾಲವಿಡೀ ನಮ್ಮ ಮನೆಯ ಜಗಲಿಯೇ ಅಣ್ಣನ ಮಗಳ ಆಫೀಸು. ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡಲು ಒಪ್ಪಿಗೆ ಸಿಕ್ಕಿ ಅವಳು ಬಂದಿದ್ದಳು. ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಶುರುವಾಗುವ ಹೊತ್ತಿಗೇ ಅಡಿಕೆ ದರ ವಿಚಾರಿಸಲು ಯಾರಾದರೂ ಬಂದು ಕೂರುವರು. ಹೊರಗೆ ಹಂಚಿನ ಮೇಲೆ ಮಳೆ, ಒಳಗೆ ಟಿ.ವಿ. ಎರಡೂ ಕಿವಿಗೆ ಅಂಗೈ ಒತ್ತಿ ಹಿಡಿದು ಮಾತಾಡುತ್ತಿದ್ದವಳನ್ನು ನೋಡಲಾಗದೆ ಒಂದು ದಿನ ಕೇಳಿದೆ: “ಒಳಗೆ ಕೂತ್ಕೊಳ್ಳಬಾರದಾ ಪುಟ್ಟಿ?”

“ಒಳಗೆ ಒಂದು ಕಡ್ಡಿನೂ ಬರಲ್ಲ ಚಿಕ್ಕಪ್ಪ.”

ಅವಳಿಗೆ ಕೊಟ್ಟಿದ್ದು ಮನೆಯ ಹಿಂಬದಿಯ ಬಾಣಂತಿ ಕೋಣೆ. ಬಚ್ಚಲ ಪಕ್ಕದಲ್ಲಿ, ಗಾಳಿ ಗದ್ದಲಗಳಿಂದ ದೂರ ಇರಲೆಂದೇ ಕಟ್ಟಿದ್ದು. ನಾನು, ಅಣ್ಣ, ನಮ್ಮಪ್ಪ ಹುಟ್ಟಿದ್ದೆಲ್ಲ ಅಲ್ಲೇ. ಕೆಲಸ ಮಾಡುವವರಿಗೆ ಅದಕ್ಕಿಂತ ನಿಶ್ಶಬ್ದದ ಜಾಗ ಇಡೀ ಮನೆಯಲ್ಲಿಲ್ಲ. ಆದರೆ ಜಗಲಿಯ ರೂಟರಿಗೂ ಆ ಕೋಣೆಗೂ ನಡುವೆ ನಾಲ್ಕು ಚಿರೆಕಲ್ಲಿನ ಗೋಡೆ, ಒಂದೊಂದೂ ಒಂದೂವರೆ ಅಡಿ ದಪ್ಪ.

ಯೋಚಿಸಿದರೆ ಇದು ನಮ್ಮ ಮನೆಗಳ ಹಳೇ ಕಥೆ. ಹೊರಗಿನಿಂದ ಬಂದದ್ದೆಲ್ಲ ಮೊದಲು ಜಗಲಿಯಲ್ಲೇ ಕೂರುತ್ತದೆ. ರೇಡಿಯೊ ಜಗಲಿಯ ಸ್ಟ್ಯಾಂಡಿನ ಮೇಲಿತ್ತು. ಫೋನು ಬಂದಾಗ ಅದೂ ಜಗಲಿಯಲ್ಲೇ, ಡಯಲಿಗೆ ಬೀಗ ಹಾಕಿಕೊಂಡು. ಕರೆಂಟು ಬಂದ ವರ್ಷ ಜಗಲಿಗೂ ನಡುಮನೆಗೂ ಬಲ್ಬು ಹಾಕಿಸಿದರಂತೆ. ಬಾಣಂತಿ ಕೋಣೆಯಲ್ಲಿ ಮತ್ತೂ ನಾಲ್ಕಾರು ವರ್ಷ ಬುಡ್ಡಿ ದೀಪವೇ ಉರಿಯುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಹಿಂದಿನ ಕೋಣೆಗಳಲ್ಲಿ ಇರುವವರು ಹೆಂಗಸರು, ಓದುವ ಹುಡುಗಿಯರು, ವಯಸ್ಸಾದವರು. ಅವರ ಸರದಿ ಯಾವಾಗಲೂ ಕೊನೆಗೆ. ಈ ಸಲವೂ ಹಾಗೇ ಆಗಬಾರದು ಅನ್ನಿಸಿತು.

ಗೋಡೆ ನುಂಗುವ ಅಲೆ

ರೂಟರ್ ಎಲ್ಲಿ ಕೂರಬೇಕೆಂದು ನಾವು ತೀರ್ಮಾನಿಸುವುದೇ ಇಲ್ಲ. ಕಂಬದಿಂದ ಇಳಿದ ಫೈಬರ್ ಎಲ್ಲಿ ಮನೆ ಹೊಕ್ಕಿತೋ ಅಲ್ಲೇ ಮೊಳೆ ಹೊಡೆದು, ಪೆಟ್ಟಿಗೆ ತೂಗುಹಾಕಿ, ಪಾಸ್‌ವರ್ಡ್ ಬರೆದುಕೊಟ್ಟು ಫೈಬರ್ ಹಾಕಲು ಬಂದವರು ಹೊರಟುಬಿಡುತ್ತಾರೆ. ಪೇಟೆಯ ಅಪಾರ್ಟ್‌ಮೆಂಟಿನ ಪಾಡೂ ಬೇರೆಯಲ್ಲ. ಅಲ್ಲಿ ಫೈಬರ್ ಬರುವುದು ಬಾಗಿಲ ಬಳಿಯ ಕರೆಂಟಿನ ಡಿಬಿ ಬಾಕ್ಸಿನ ಪಕ್ಕಕ್ಕೆ. ಎಷ್ಟೋ ಕಡೆ ರೂಟರನ್ನು ತಗಡಿನ ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿರುತ್ತಾರೆ. ತಗಡು ರೇಡಿಯೊ ಅಲೆಯನ್ನು ಹೊರಗೆ ಬಿಡುವುದಿಲ್ಲ.

ವೈಫೈ ಅಂದರೆ ರೇಡಿಯೊ ಅಲೆಯೇ. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು 6. ಮೊದಲನೆಯದು ನಿಧಾನವಾದರೂ ಗೋಡೆಯನ್ನು ಒಂದಷ್ಟು ದಾಟುತ್ತದೆ. ಎರಡನೆಯದಕ್ಕೆ ವೇಗ ಹೆಚ್ಚು, ಗೋಡೆ ದಾಟುವ ತ್ರಾಣ ಕಡಿಮೆ. ಕಬ್ಬಿಣದ ಸರಳು ತುಂಬಿದ ಕಾಂಕ್ರೀಟು ಎರಡನ್ನೂ ಕುಗ್ಗಿಸುತ್ತದೆ. ಚಿರೆಕಲ್ಲಂತೂ ತೂತು ತೂತಾದ ಕಲ್ಲು; ಜೂನ್ ತಿಂಗಳಿಂದ ನೀರು ಕುಡಿಯುತ್ತಲೇ ಇರುತ್ತದೆ. ಒದ್ದೆ ಗೋಡೆ ಒಣ ಗೋಡೆಗಿಂತ ಹೆಚ್ಚು ಅಲೆಯನ್ನು ಹೀರುತ್ತದೆ. ಬೇಸಿಗೆಯಲ್ಲಿ ನಡುಮನೆಯವರೆಗಾದರೂ ಬರುತ್ತಿದ್ದ ಸಿಗ್ನಲ್ ಮಳೆಗಾಲದಲ್ಲಿ ಹೊಸಿಲಲ್ಲೇ ನಿಲ್ಲುತ್ತಿದ್ದುದು ಅದಕ್ಕೇ.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು: ಪೇಟೆಯಿಂದ ರಿಪೀಟರ್ ತಂದೆವು. ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುತ್ತದೆ. ಅದನ್ನು ಬಾಣಂತಿ ಕೋಣೆಯಲ್ಲೇ ಇಟ್ಟದ್ದು ನಮ್ಮ ಮೊದಲ ತಪ್ಪು. ಸಿಗ್ನಲ್ಲೇ ಬಾರದ ಜಾಗದಲ್ಲಿ ಅದು ದಾಟಿಸುವುದಾದರೂ ಏನನ್ನು? ನಡುಮನೆಗೆ ತಂದಿಟ್ಟಾಗ ಮೊಬೈಲಿನಲ್ಲಿ ಕಡ್ಡಿಗಳು ಪೂರ್ತಿ ಬಂದವು, ಆದರೂ ವಿಡಿಯೊ ತಡವರಿಸುತ್ತಿತ್ತು. ಸಾದಾ ರಿಪೀಟರ್ ಒಂದೇ ಚಾನೆಲ್ಲಿನಲ್ಲಿ ಕೇಳಿಸಿಕೊಳ್ಳಲೂಬೇಕು, ಅದನ್ನೇ ಮತ್ತೊಮ್ಮೆ ಹೇಳಲೂಬೇಕು. ಹೇಳುವಾಗ ಕೇಳಲಾಗದು. ಹೀಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಡ್ಡಿಗಳು ತೋರಿಸುವುದು ರಿಪೀಟರಿಗೂ ಮೊಬೈಲಿಗೂ ನಡುವಿನ ನಂಟನ್ನು ಮಾತ್ರ.

ಕರೆಂಟಿನ ವೈರಿನಲ್ಲೇ ಇಂಟರ್ನೆಟ್ ಹರಿಸುವ ಪವರ್‌ಲೈನ್ ಅಡಾಪ್ಟರ್‌ಗಳೂ ಇವೆ. ಎರಡೂ ಪ್ಲಗ್ಗುಗಳು ಒಂದೇ ಫೇಸಿನಲ್ಲಿದ್ದು, ವೈರಿಂಗ್ ಚೆನ್ನಾಗಿದ್ದರೆ ಅವು ಉಪಯೋಗಕ್ಕೆ ಬರುತ್ತವೆ. ಆದರೆ ನಮ್ಮ ಮನೆಗಳಲ್ಲಿ ಇನ್ವರ್ಟರ್ ಲೈನ್ ಬೇರೆ, ಮೇನ್ ಲೈನ್ ಬೇರೆ. ಜೊತೆಗೆ ಪಂಪು, ಮಿಕ್ಸಿ, ಮೋಟಾರುಗಳ ಗದ್ದಲ. ನಂಬಿ ಕೂರುವಂಥ ದಾರಿ ಇದಾಗಿರಲಿಲ್ಲ.

ಉಳಿದದ್ದು ಒಂದೇ. ಜಗಲಿಯಿಂದ ಬಾಣಂತಿ ಕೋಣೆಯವರೆಗೆ ಕೇಬಲ್ ಎಳೆಯುವುದು.

ಹುರಿ ಹೊಸೆದ ತಾಮ್ರ

ಅಟ್ಟದ ಮೇಲೆ ಹುರಿಹಗ್ಗ ಹಿಡಿದು ಅಳೆದರೆ 34 ಮೀಟರ್ ಬಂತು. ಲ್ಯಾನ್ ಕೇಬಲ್ ಒಂದೇ ಓಟದಲ್ಲಿ 100 ಮೀಟರ್ ತನಕ ಹೋಗಬಲ್ಲದು, ಆದ್ದರಿಂದ ದೂರದ ಚಿಂತೆಯಿರಲಿಲ್ಲ. ಮನೆಮಟ್ಟಿಗೆ ಕ್ಯಾಟ್ 6 ಕೇಬಲ್ ಧಾರಾಳ. ನೂರು ಮೀಟರಿಗೂ ಸೆಕೆಂಡಿಗೆ ಒಂದು ಗಿಗಾಬಿಟ್ ಕೊಡುತ್ತದೆ.

ಕೊಳ್ಳುವಾಗ ನೋಡಲೇಬೇಕಾದ ಸಂಗತಿಯೊಂದಿದೆ. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಯ ಮೇಲೆ ತಾಮ್ರದ ತೆಳು ಲೇಪ ಮಾತ್ರ ಇರುತ್ತದೆ. ಪೆಟ್ಟಿಗೆಯ ಮೇಲೆ ‘ಸಿಸಿಎ’ ಎಂದು ಬರೆದಿರುತ್ತಾರೆ. ಅದು ಬೇಗ ಮುರಿಯುತ್ತದೆ, ದೂರ ಹೆಚ್ಚಿದಂತೆ ಸೋಲುತ್ತದೆ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ, ಕೆಂಪಗೇ ಇದ್ದರೆ ತಾಮ್ರ.

ಕೇಬಲ್ಲಿನ ಹೊರಗವಚ ಸುಲಿದರೆ ಎಂಟು ತಂತಿ, ಎರಡೆರಡರಂತೆ ನಾಲ್ಕು ಜೋಡಿ. ಒಂದೊಂದು ಜೋಡಿಯನ್ನೂ ಹುರಿ ಹೊಸೆದಿರುತ್ತಾರೆ. ಈ ಹುರಿಯೇ ಅದರ ಜೀವ. ಹೊರಗಿನ ಕರೆಂಟಿನ ಗದ್ದಲ ಬಂದು ತಾಕಿದಾಗ ಜೋಡಿಯ ಎರಡೂ ತಂತಿಗಳ ಮೇಲೆ ಸಮನಾಗಿ ಬೀಳುತ್ತದೆ. ಆಚೆ ತುದಿಯ ಯಂತ್ರ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುವುದರಿಂದ, ಸಮನಾಗಿ ಬಿದ್ದ ಗದ್ದಲ ಅಲ್ಲಿಗೇ ಅಳಿಯುತ್ತದೆ. ನಾಲ್ಕು ಜೋಡಿಗಳೂ ಒಂದರ ಮಾತನ್ನು ಒಂದು ಕದ್ದು ಕೇಳದಿರಲೆಂದು ಒಂದೊಂದರ ಹುರಿಯ ಬಿಗಿಯನ್ನೂ ಬೇರೆಬೇರೆ ಇಟ್ಟಿರುತ್ತಾರೆ. ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಈ ಜೋಡಿ ಹುರಿಗೆ ಪೇಟೆಂಟ್ ಪಡೆದಿದ್ದರು. ಅಂದಿನ ಆ ಉಪಾಯವೇ ಇಂದು ನಮ್ಮ ಅಟ್ಟದ ಮೇಲೆ ಮಲಗಿದೆ.

ಆ ತಂತಿಯಲ್ಲಿ ಹರಿಯುವ ಈಥರ್ನೆಟ್ಟಿನ ಹುಟ್ಟು ಇನ್ನೂ ಸೋಜಿಗದ್ದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ಕಂಪ್ಯೂಟರುಗಳನ್ನು ರೇಡಿಯೊ ಅಲೆಯಿಂದಲೇ ಜೋಡಿಸಿದ್ದರು. ಆ ‘ಅಲೋಹಾನೆಟ್’ ಅನ್ನು ಅಭ್ಯಾಸ ಮಾಡಿದ ರಾಬರ್ಟ್ ಮೆಟ್‌ಕಾಫ್, 1973ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಅದೇ ತತ್ವವನ್ನು ಕೇಬಲ್ಲಿಗೆ ಇಳಿಸಿದರು. ಡೇವಿಡ್ ಬಾಗ್ಸ್ ಅವರ ಜೊತೆಗಿದ್ದರು. ಬೆಳಕು ಹಾಯುವ ಮಾಧ್ಯಮವೆಂದು ಹಿಂದಿನವರು ಊಹಿಸಿದ್ದ ‘ಈಥರ್’ನ ಹೆಸರನ್ನೇ ಅದಕ್ಕಿಟ್ಟರು. ನಿಸ್ತಂತುವಿನಿಂದ ತಂತಿಗೆ ಬಂದ ವಿದ್ಯೆ ಅದು. ಗಾಳಿಯಲ್ಲಿ ಎಲ್ಲರ ಮಾತೂ ಕಲಸಿಹೋಗುವಾಗ, ತಂತಿಯೊಳಗೆ ನಿಮ್ಮ ಮಾತು ನಿಮ್ಮದೇ ದಾರಿಯಲ್ಲಿ ಹೋಗುತ್ತದೆ.

ಏಳನೇ ದೀಪ

ಕೇಬಲ್ ಎಳೆಯಲು ಬಂದವನು ಪಕ್ಕದೂರಿನ ಎಲೆಕ್ಟ್ರಿಷಿಯನ್ ಹುಡುಗ. ಗೋಡೆ ಒಡೆಯುವುದು ಬೇಡವೆಂದು ಅಟ್ಟದ ತೊಲೆಗಳ ಗುಂಟ ಪಿವಿಸಿ ಪೈಪು ಹೊಡೆದು, ಅದರೊಳಗೆ ಕೇಬಲ್ ತೂರಿಸಿದ. ಪೈಪು ನಾನೇ ಪಟ್ಟುಹಿಡಿದು ಹಾಕಿಸಿದ್ದು, ಇಲಿಗಳ ಭಯಕ್ಕೆ. ಕರೆಂಟಿನ ವೈರು ಇರುವ ಪೈಪಿನಲ್ಲಿ ಇದನ್ನು ಸೇರಿಸಲೂಬಾರದು. ಎರಡೂ ಜೊತೆಜೊತೆಯಾಗಿ ಸಾಗದೆ, ಸಂಧಿಸಲೇಬೇಕಾದಲ್ಲಿ ಅಡ್ಡಡ್ಡ ದಾಟಬೇಕು.

ಕೊನೆಯಲ್ಲಿ ಆರ್‌ಜೆ 45 ಕನೆಕ್ಟರ್ ಕ್ರಿಂಪ್ ಮಾಡುವ ಕೆಲಸ. ಕೋಣೆಯಲ್ಲಿ ಬೆಳಕು ಸಾಲದೆ ಅತ್ತಿಗೆ ಮೊಬೈಲ್ ಟಾರ್ಚ್ ಹಿಡಿದಿದ್ದರು. ಹುಡುಗ ಬಣ್ಣಗಳನ್ನು ಮಗ್ಗಿಯಂತೆ ಹೇಳಿಕೊಳ್ಳುತ್ತ ತಂತಿಗಳನ್ನು ಸಾಲಾಗಿಟ್ಟ: “ಆರೆಂಜ್ ವೈಟ್, ಆರೆಂಜ್, ಗ್ರೀನ್ ವೈಟ್, ಬ್ಲೂ, ಬ್ಲೂ ವೈಟ್, ಗ್ರೀನ್, ಬ್ರೌನ್ ವೈಟ್, ಬ್ರೌನ್.” ಸಮನಾಗಿ ಕತ್ತರಿಸಿ, ಕನೆಕ್ಟರಿಗೆ ನೂಕಿ, ಕ್ರಿಂಪರ್ ಒತ್ತಿದ. ‘ಕಟಕ್’ ಅಂತು.

ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಇಂಟರ್ನೆಟ್ ಬಂತು. ಎಲ್ಲರಿಗೂ ಖುಷಿ. ಪುಟ್ಟಿ ಮಾತ್ರ ಪರದೆ ನೋಡಿ, “ಲಿಂಕು ನೂರು ಅಂತ ತೋರಿಸ್ತಿದೆ ಚಿಕ್ಕಪ್ಪ, ಸಾವಿರ ಇರಬೇಕಿತ್ತು” ಅಂದಳು. ಹುಡುಗ ಟೆಸ್ಟರ್ ಹಚ್ಚಿದ. ಒಂದರಿಂದ ದೀಪಗಳು ಸಾಲಾಗಿ ಮಿನುಗುತ್ತ ಹೋದವು, ಆರರ ನಂತರ ಒಂದು ಕ್ಷಣ ಕತ್ತಲೆ, ಆಮೇಲೆ ಎಂಟು. ಏಳನೆಯದು, ಕಂದುಬಿಳಿ ತಂತಿ, ಕನೆಕ್ಟರಿನ ತುದಿ ಮುಟ್ಟಿರಲಿಲ್ಲ. 100 ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ಉಳಿದೆರಡು ಜೋಡಿಗಳಲ್ಲಿ ಒಂದು ತಂತಿ ಕೈಕೊಟ್ಟರೂ ಯಂತ್ರ ಸದ್ದಿಲ್ಲದೆ ನೂರಕ್ಕೆ ಇಳಿದುಬಿಡುತ್ತದೆ. “ಹೊಸದು ಹೊಡಿತೀನಿ ಅಣ್ಣಾ, ಹುರಿ ಜಾಸ್ತಿ ಬಿಚ್ಚಿಬಿಟ್ಟಿದ್ದೆ” ಎಂದು ಕನೆಕ್ಟರ್ ಕತ್ತರಿಸಿ ಎಸೆದು, ಈ ಸಲ ಅರ್ಧ ಇಂಚಷ್ಟೇ ಹುರಿ ಬಿಚ್ಚಿದ. ಎಂಟೂ ದೀಪ ಹತ್ತಿದವು. ನಿಮ್ಮ ಮನೆಯಲ್ಲಿ ಕೇಬಲ್ ಹಾಕಿಸಿದರೆ ಟೆಸ್ಟರಿನ ಎಂಟೂ ದೀಪಗಳನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ.

ಕೇಬಲ್ ಒಂದಾದರೂ ಕೋಣೆಯಲ್ಲಿ ಬಳಸುವವರು ಹಲವರು. ಬೀರುವಿನಲ್ಲಿ ಬಿದ್ದಿದ್ದ ಹಳೇ ರೂಟರ್ ಆಗ ನೆನಪಾಯಿತು. ಅದರ ಸೆಟ್ಟಿಂಗಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಆರಿಸಿ ಕೇಬಲ್ ಜೋಡಿಸಿದರಾಯಿತು. ಆ ಮೋಡ್ ಇಲ್ಲದಿದ್ದರೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಹಳೇ ರೂಟರಿನ ವಿಳಾಸವನ್ನು ಮುಖ್ಯ ರೂಟರಿನದ್ದಕ್ಕಿಂತ ಬೇರೆಯಾಗಿಸಿ, ಕೇಬಲ್ಲನ್ನು ಲ್ಯಾನ್ ಪೋರ್ಟಿಗೆ ಹಾಕಬೇಕು. ವೈಫೈಗೆ ಜಗಲಿಯದ್ದೇ ಹೆಸರು, ಅದೇ ಪಾಸ್‌ವರ್ಡು. ಚಾನೆಲ್ ಮಾತ್ರ ಬೇರೆ. 2.4 ಗಿಗಾಹರ್ಟ್ಸ್‌ನಲ್ಲಾದರೆ ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11. ಈಗ ಅಡುಗೆಮನೆ, ಬಚ್ಚಲ ಕಡೆಗೂ ಸಿಗ್ನಲ್ ಉಂಟು.

ಕರೆಂಟು ಹೋಗುವ ಊರುಗಳಿಗೆ ಇನ್ನೊಂದು ಅನುಕೂಲವಿದೆ. ಪಿಒಇ ಎನ್ನುವ ವಿಧಾನದಲ್ಲಿ ಅದೇ ಲ್ಯಾನ್ ಕೇಬಲ್ಲಿನಲ್ಲೇ ವಿದ್ಯುತ್ತನ್ನೂ ಕಳಿಸಬಹುದು. 2003ರ ಮಾನದಂಡದಂತೆ ಒಂದು ಕೇಬಲ್ಲಿಗೆ 15.4 ವಾಟ್, ಒಂದು ಸಣ್ಣ ಆ್ಯಕ್ಸೆಸ್ ಪಾಯಿಂಟಿಗೆ ಸಾಕಾಗುವಷ್ಟು. ಜಗಲಿಯ ತುದಿಗೆ ಮಾತ್ರ ಇನ್ವರ್ಟರ್ ಲೈನ್ ಇದ್ದರೂ ಹಿಂದಿನ ಕೋಣೆಯ ವೈಫೈ ಆರುವುದಿಲ್ಲ. ಎರಡೂ ತುದಿಯ ಉಪಕರಣ ಇದಕ್ಕೆ ಹೊಂದುವಂಥದ್ದಿರಬೇಕು, ತಂತಿ ಅಪ್ಪಟ ತಾಮ್ರದ್ದಿರಬೇಕು.

ಸಿಡಿಲಿನ ಪಾಠ

ಒಳಗಿನ ಕೆಲಸ ಗೆದ್ದ ಉಮೇದಿನಲ್ಲಿ ಅಣ್ಣ, ಅಂಗಳದಾಚೆಯ ಅಡಿಕೆ ಮನೆಗೂ ಅದೇ ಕೇಬಲ್ ಎಳೆಸಿ ಕ್ಯಾಮೆರಾ ಹಾಕಿಸಿದ. ಕಂಬದಿಂದ ಕಂಬಕ್ಕೆ ಬಟ್ಟೆ ಒಣಹಾಕುವ ಹಗ್ಗದಂತೆ ತಾಮ್ರದ ತಂತಿ ತೂಗಾಡುತ್ತಿತ್ತು. ಅಕ್ಟೋಬರಿನಲ್ಲಿ ಒಂದು ಸಂಜೆ ಗುಡುಗು ಮಳೆ. ಸಿಡಿಲು ನಮ್ಮ ಮನೆಗೆ ಬಡಿಯಲಿಲ್ಲ, ತೋಟದಾಚೆ ಎಲ್ಲೋ ಬಿತ್ತು. ಬೆಳಿಗ್ಗೆ ನೋಡಿದರೆ ಕ್ಯಾಮೆರಾ, ನೆಟ್‌ವರ್ಕ್ ಸ್ವಿಚ್ಚು, ರೂಟರಿನ ಒಂದು ಪೋರ್ಟು ಮೂರೂ ಸತ್ತಿದ್ದವು.

ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಬಯಲಿನ ಉದ್ದ ತಾಮ್ರದ ತಂತಿಯಲ್ಲಿ ವಿದ್ಯುತ್ತು ಉಕ್ಕುತ್ತದೆ. ಎರಡು ಕಟ್ಟಡಗಳ ನಡುವೆ ಬಯಲಲ್ಲಿ ಹಾಯುವ ಲ್ಯಾನ್ ಕೇಬಲ್ ಆ ಉಬ್ಬರವನ್ನು ನೇರ ಒಳಕ್ಕೆ ಕರೆತರುತ್ತದೆ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಗುಡುಗು ಬಲ್ಲ ಮಲೆನಾಡು ಕರಾವಳಿಯವರು ಇದನ್ನು ಮರೆಯಬಾರದು. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ರೇ ಸರಿ. ಗಾಜಿನೆಳೆಯಲ್ಲಿ ಹೋಗುವುದು ಬೆಳಕು, ವಿದ್ಯುತ್ತಿಗೆ ಅಲ್ಲಿ ದಾರಿಯಿಲ್ಲ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ ಇಟ್ಟರೆ ಬೆಳಕು ಮತ್ತೆ ಲ್ಯಾನ್ ಆಗುತ್ತದೆ. ಆದರೆ ಬಯಲಲ್ಲಿ ಎಳೆಯುವ ಎಷ್ಟೋ ಫೈಬರ್‌ಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಸೇರಿಸಿರುತ್ತಾರೆ; ಉಕ್ಕಿಲ್ಲದ್ದನ್ನು ಕೇಳಿ ಪಡೆಯಬೇಕು. ಕರೆಂಟಿನ ಲೈನಿನಿಂದಲೂ ಅಂಥ ಉಬ್ಬರ ಬರುವುದರಿಂದ ಗುಡುಗುವಾಗ ಪ್ಲಗ್ ಕೀಳುವ ಹಳೇ ರೂಢಿಯನ್ನು ಬಿಡುವುದೂ ಬೇಡ.

ಮನೆ ಕಟ್ಟುವವರಿಗೆ

ಹೊಸ ಮನೆ ಕಟ್ಟುವವರು ಇಷ್ಟೆಲ್ಲ ಪಾಡು ಪಡಬೇಕಿಲ್ಲ. ಸ್ಲ್ಯಾಬ್ ಹಾಕುವ ಮೊದಲು, ಗೋಡೆಗೆ ಗಾರೆ ಬಳಿಯುವ ಮೊದಲು, ಪ್ರತಿ ಕೋಣೆಯಿಂದಲೂ ಒಂದು ಜಾಗಕ್ಕೆ ಖಾಲಿ ಪೈಪು ಬಿಡಿಸಿ. ಕರೆಂಟಿನ ಪೈಪಿನಿಂದ ಬೇರೆಯಾಗಿ, 25 ಮಿಲಿಮೀಟರಿನದು. ಒಳಗೊಂದು ಎಳೆತಂತಿ ಇರಲಿ, ತಿರುವುಗಳು ದುಂಡಗಿರಲಿ. ಕೇಬಲ್ ಈಗಲೇ ಬೇಕೆಂದಿಲ್ಲ. ನಾಳೆ ತಾಮ್ರವೋ ಫೈಬರ್ರೋ, ಯಾವುದು ಬಂದರೂ ದಾರಿ ಸಿದ್ಧವಿರುತ್ತದೆ. ಎಲ್ಲ ಪೈಪು ಬಂದು ಸೇರುವಲ್ಲಿ ಒಂದು ಪ್ಲಗ್ ಪಾಯಿಂಟು, ಅದೂ ಇನ್ವರ್ಟರ್ ಲೈನಿನಲ್ಲಿ. ಅಡುಗೆಮನೆಗೂ ಅಜ್ಜ ಅಜ್ಜಿಯ ಕೋಣೆಗೂ ಪೈಪು ಬಿಡಿಸಲು ಮರೆಯಬೇಡಿ. ಮೇಸ್ತ್ರಿ ಕೇಳುವುದಿಲ್ಲ, ನೀವೇ ಹೇಳಬೇಕು.

ಬಾಣಂತಿ ಕೋಣೆಯ ಗೋಡೆಯಲ್ಲಿ ಒಂದು ಗೂಡಿದೆ. ಬುಡ್ಡಿ ದೀಪ ಇಡುತ್ತಿದ್ದ ಗೂಡು; ಅದರ ಮೇಲಂಚಿನ ಮಸಿ ಸುಣ್ಣ ಬಳಿದಷ್ಟೂ ಮತ್ತೆ ಇಣುಕುತ್ತದೆ. ಹಳೇ ರೂಟರನ್ನು ಎಲ್ಲಿಡುವುದೆಂದು ಹುಡುಗ ಕೇಳಿದಾಗ ಅತ್ತಿಗೆ ಆ ಗೂಡನ್ನೇ ತೋರಿಸಿದರು. ಈಗ ಪುಟ್ಟಿ ಹತ್ತು ಗಂಟೆಗೆ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ಮಧ್ಯಾಹ್ನ ಅವಳ ಮೀಟಿಂಗ್ ಮುಗಿದ ಮೇಲೆ ಅತ್ತಿಗೆ ಒಳಗೆ ಹೋಗಿ, ಅದೇ ಬಾಗಿಲು ಹಾಕಿಕೊಂಡು, ದೂರದೂರಿನ ತಂಗಿಯ ಜೊತೆ ವಿಡಿಯೊ ಕಾಲಿನಲ್ಲಿ ಮಾತಾಡುತ್ತಾರೆ. ಮೂವತ್ತು ವರ್ಷ ಜಗಲಿಯಲ್ಲಿ ನಿಂತು, ಎಲ್ಲರ ಎದುರು, ಎರಡೇ ಮಾತಿನಲ್ಲಿ ಫೋನು ಇಡುತ್ತಿದ್ದವರು ಅವರು. ಈಗ ಮುಚ್ಚಿದ ಬಾಗಿಲ ಹಿಂದಿನಿಂದ ಅವರ ನಗು ನಡುಮನೆಯವರೆಗೂ ಕೇಳುತ್ತದೆ.