ನಾಚಿಕೆ ಬಿಟ್ಟರೆ ನಾಲಗೆ ಹೊರಳೀತು

ಅಮೆರಿಕದ ಹಾಸ್ಯಲೇಖಕ ಡೇವಿಡ್ ಸೆಡಾರಿಸ್ ಅವರು 41ನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನ ಶಾಲೆಯೊಂದರಲ್ಲಿ ಫ್ರೆಂಚ್ ಕಲಿಯಲು ಕುಳಿತರು. ಆ ಅನುಭವವೂ ತಂದೆತಾಯಿ, ಒಡಹುಟ್ಟಿದವರ ಸಂಗತಿಗಳೂ 2000ರಲ್ಲಿ ಪ್ರಕಟವಾದ ‘ಮಿ ಟಾಕ್ ಪ್ರಿಟಿ ಒನ್ ಡೇ’ ಪ್ರಬಂಧ ಸಂಕಲನದಲ್ಲಿವೆ.

ಕನ್ನಡಿಗರಾದ ನಮಗೆ ಮೇಜೂ ಪುಸ್ತಕವೂ ನಪುಂಸಕಲಿಂಗ; ಫ್ರೆಂಚರಿಗೆ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ! ತಪ್ಪಿದವರಿಗೆ ಅಧ್ಯಾಪಕಿಯ ಕಟುನುಡಿ ಕಾದಿರುತ್ತಿತ್ತು. ನಾನಾ ದೇಶಗಳ ಸಹಪಾಠಿಗಳು ಹರಕು ಫ್ರೆಂಚಿನಲ್ಲಿಯೇ ಪರಸ್ಪರ ಸಮಾಧಾನ ಹೇಳಿಕೊಂಡರು. ಕೊನೆಗೊಂದು ದಿನ ಆಕೆಯ ಬೈಗುಳದ ಪ್ರತಿಯೊಂದು ಶಬ್ದವೂ ಅರ್ಥವಾಗಲು, ಸೆಡಾರಿಸರು ಹಿಗ್ಗಿದರು!

ಮಕ್ಕಳೊಡನೆ ಪರದೇಶದಲ್ಲಿರುವ ನಮ್ಮ ಹಿರಿಯರು ಅಂಗಡಿಯಲ್ಲಿ ಒಂದು ಮಾತನಾಡಲೂ ನಾಚಿ ಮೌನವಾಗುವುದುಂಟು. ಮೊಮ್ಮಕ್ಕಳು ನಕ್ಕರೆ ತಾವೂ ಕೂಡಿ ನಗಲಿ, ಮಾತು ಮಾತ್ರ ನಿಲ್ಲಿಸದಿರಲಿ ಎಂದು ನಾವು ಬಿನ್ನವಿಸುತ್ತೇವೆ.